ಆಂಟಿವೆನಮ್ ರಿಯಾಕ್ಷನ್: ದೋಷ ರೋಗಿಯ ಮೈಯಲ್ಲಿಲ್ಲ, ವೈಲ್‌ನಲ್ಲಿದೆ

ಡ್ರಿಪ್ ಹಚ್ಚಿ ಹತ್ತು ನಿಮಿಷ ಆಗಿರುತ್ತದೆ, ಅಷ್ಟರಲ್ಲಿ ರೋಗಿ ಹೊಟ್ಟೆ, ತೊಡೆಸಂದು ಕೆರೆದುಕೊಳ್ಳಲು ಶುರು ಮಾಡುತ್ತಾರೆ. ಕುತ್ತಿಗೆಯ ಬಳಿ ಒಂದೆರಡು ಗಂಧೆ ಏಳುತ್ತವೆ. ಒಣ ಕೆಮ್ಮು, ವಾಕರಿಕೆ, ಹೊಟ್ಟೆ ಹಿಂಡಿದಂತಾಗುವುದು, ಕಾರಣವಿಲ್ಲದ ಚಡಪಡಿಕೆ. ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್‌ಗೆ (ಆಸ್ಪತ್ರೆಯವರ ಬಾಯಲ್ಲಿ ಅದು ಎಎಸ್‌ವಿ) ಆಗುವ ರಿಯಾಕ್ಷನ್ ಬಹುಮಟ್ಟಿಗೆ ಹೀಗೆಯೇ ಆರಂಭವಾಗುತ್ತದೆ. ಈ ಹಂತದಲ್ಲೇ ಅಡ್ರಿನಲಿನ್ (ಬಿಪಿ ಏರಿಸಿ, ಶ್ವಾಸನಾಳ ಸಡಿಲಿಸುವ ಔಷಧ) ಚುಚ್ಚಿದರೆ ಹೆಚ್ಚಿನವರು ಬೇಗ ಸುಧಾರಿಸಿಕೊಳ್ಳುತ್ತಾರೆ. ‘ತುರಿಕೆ ತಾನೇ, ನೋಡೋಣ’ ಎಂದು ಕಾದರೆ ಮುಂದೆ ಬರುವುದು ಉಬ್ಬಸ, ಗಂಟಲ ಊತ, ಬಿಪಿ ಕುಸಿತ.

ಇದು ಅಪರೂಪದ ಸಂಗತಿಯಲ್ಲ. ಶ್ರೀಲಂಕಾದ ಮೂರು ಆಸ್ಪತ್ರೆಗಳಲ್ಲಿ 2005ರಿಂದ 2008ರವರೆಗೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 1,007 ರೋಗಿಗಳ ಪೈಕಿ 752 ಮಂದಿಗೆ, ಅಂದರೆ ನಾಲ್ವರಲ್ಲಿ ಮೂವರಿಗೆ, ಒಂದಲ್ಲ ಒಂದು ಮಟ್ಟದ ತಕ್ಷಣದ ರಿಯಾಕ್ಷನ್ ಆಯಿತು. ರಿಯಾಕ್ಷನ್ ಆದವರಲ್ಲಿ ಶೇ 43ರಷ್ಟು ಮಂದಿಗೆ ಅದು ತೀವ್ರ ಸ್ವರೂಪದ್ದು. ಅಲ್ಲಿ ಬಳಕೆಯಲ್ಲಿದ್ದದ್ದು ಭಾರತದಲ್ಲಿ ತಯಾರಾದ ಆಂಟಿವೆನಮ್. ಪ್ರತಿ ಆಸ್ಪತ್ರೆಯಲ್ಲೂ, ಪ್ರತಿ ಬ್ಯಾಚಿನಲ್ಲೂ ಪ್ರಮಾಣ ಇಷ್ಟೇ ಇರುತ್ತದೆ ಎಂದಲ್ಲ. ಆದರೆ ಲೆಕ್ಕಾಚಾರ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಈ ಅಂಕಿ ಹೇಳುತ್ತದೆ: ಡ್ರಿಪ್ ಹಚ್ಚುವಾಗಲೇ ರಿಯಾಕ್ಷನ್ ಬರುತ್ತದೆ ಎಂದುಕೊಂಡು ತಯಾರಾಗಿರಬೇಕು.

ನಮ್ಮಲ್ಲಿ ಆಗುತ್ತಿರುವುದು ತಯಾರಿಯ ಬದಲು ಅಂಜಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಆಂಟಿವೆನಮ್ ತುಂಬಿದ ಸಣ್ಣ ಸೀಸೆಗಳು, ಅಂದರೆ ವೈಲ್‌ಗಳು ಇದ್ದರೂ ‘ರಿಯಾಕ್ಷನ್ ಆದರೆ ಇಲ್ಲಿ ಯಾರು ನೋಡಿಕೊಳ್ಳುವುದು’ ಎಂದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕಳಿಸುವುದುಂಟು. ಆ ದಾರಿಯಲ್ಲಿ ಕಳೆಯುವ ಎರಡು ಗಂಟೆಯಲ್ಲಿ ವಿಷ ಸುಮ್ಮನಿರುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಬರಿದು ಮಾಡಿ ಮೂತ್ರಪಿಂಡಕ್ಕೆ ಕೈ ಹಾಕುತ್ತದೆ. ಕಟ್ಟುಹಾವಿನ ವಿಷ ನರದ ತುದಿಗಳನ್ನು ಹಾಳುಗೆಡವಿದ ಮೇಲೆ ಎಷ್ಟು ಆಂಟಿವೆನಮ್ ಸುರಿದರೂ ಆ ಹಾನಿ ಹಿಂದಿರುಗದು. ದೇಶದಲ್ಲಿ 2000ದಿಂದ 2019ರ ನಡುವೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂಬುದು 2020ರಲ್ಲಿ ಪ್ರಕಟವಾದ ಅಂದಾಜು. ಇದನ್ನು 2030ರೊಳಗೆ ಅರ್ಧಕ್ಕಿಳಿಸಬೇಕೆಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ಅದಕ್ಕೂ ಒಂದು ತಿಂಗಳು ಮೊದಲೇ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತ್ತು. ಕಾಗದದ ಮೇಲಿನ ಗುರಿ ಸರಿಯಾಗಿದೆ. ಸಣ್ಣ ಆಸ್ಪತ್ರೆಯ ವೈದ್ಯರಿಗೆ ರಿಯಾಕ್ಷನ್ ಸಂಭಾಳಿಸುವ ಧೈರ್ಯ ಬರದೆ ಆ ಗುರಿ ಮುಟ್ಟುವುದು ಕಷ್ಟ.

ವೈಲ್‌ನೊಳಗೆ ಇರುವುದೇನು

ಆಂಟಿವೆನಮ್ ತಯಾರಿಸುವ ಮೂಲ ವಿಧಾನ 1890ರ ದಶಕದ್ದು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಆ ಕಾಲದಲ್ಲಿ ರೂಪಿಸಿದ ದಾರಿಯಲ್ಲೇ ಇಂದಿಗೂ ನಡೆಯುತ್ತಿದ್ದೇವೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾ ಹೋಗುತ್ತಾರೆ, ಅದರ ರಕ್ತದಲ್ಲಿ ಪ್ರತಿಕಾಯಗಳು ಬೆಳೆಯುತ್ತವೆ, ರಕ್ತ ತೆಗೆದು ಆ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಭಾರತದ ಪಾಲಿವೇಲೆಂಟ್ (ಹಲವು ಹಾವುಗಳ ವಿಷಕ್ಕೆ ಒಂದೇ ಔಷಧ) ಆಂಟಿವೆನಮ್‌ಗೆ ಬಳಸುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷ.

ಪ್ರತಿಕಾಯ ಕವಲೊಡೆದ ಕೋಲಿನಂತೆ. ಎರಡು ಕವಲುಗಳು ವಿಷದ ಕಣವನ್ನು ಹಿಡಿಯುತ್ತವೆ, ಕೆಳಗಿನ ಕಾಂಡಕ್ಕೆ ಆ ಕೆಲಸವಿಲ್ಲ. ರಿಯಾಕ್ಷನ್‌ಗೆ ಕಾರಣವಾಗುವುದರಲ್ಲಿ ಈ ಕಾಂಡದ ಪಾತ್ರ ದೊಡ್ಡದು ಎಂಬ ಲೆಕ್ಕದಲ್ಲಿ ಪೆಪ್ಸಿನ್ ಎಂಬ ಕಿಣ್ವ ಬಳಸಿ ಅದನ್ನು ಕತ್ತರಿಸಿ, ಕವಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನಮ್ಮ ದೇಶದ ಆಂಟಿವೆನಮ್‌ಗಳು ಇಂಥವೇ. ಆದರೆ ಕತ್ತರಿಸುವುದು, ಸೋಸುವುದು ಪೂರ್ತಿಯಾಗದಿದ್ದರೆ ಕಾಂಡದ ಚೂರುಗಳು, ಒಂದಕ್ಕೊಂದು ಅಂಟಿಕೊಂಡ ಪ್ರೋಟೀನಿನ ಮುದ್ದೆಗಳು, ಕುದುರೆ ರಕ್ತದ ಆಲ್ಬುಮಿನ್‌ನಂಥ ಇತರ ಪ್ರೋಟೀನುಗಳು ವೈಲ್‌ನಲ್ಲಿ ಉಳಿಯುತ್ತವೆ. ಇನ್ನೊಂದು ವಿಚಾರವನ್ನು ಬಹಳ ಜನ ಗಮನಿಸುವುದಿಲ್ಲ. ಕುದುರೆ ತನ್ನ ಜೀವಮಾನದಲ್ಲಿ ಕಂಡ ಎಲ್ಲ ರೋಗಾಣುಗಳ ವಿರುದ್ಧದ ಪ್ರತಿಕಾಯಗಳೂ ಅದರ ರಕ್ತದಲ್ಲಿರುತ್ತವೆ. ಹಾವಿನ ವಿಷವನ್ನು ಗುರುತಿಸುವ ಪ್ರತಿಕಾಯ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದು ರೋಗಿಗೆ ಉಪಯೋಗಕ್ಕೆ ಬಾರದ, ಆದರೆ ಮೈ ಕೆರಳಿಸಬಲ್ಲ ಪರಕೀಯ ಪ್ರೋಟೀನು.

ಪ್ರಮಾಣದ ಲೆಕ್ಕವನ್ನೂ ಇಲ್ಲೇ ನೋಡಬಹುದು. ಒಂದು ವೈಲ್ ಪುಡಿಯನ್ನು 10 ಎಂಎಲ್ ಶುದ್ಧ ನೀರಿನಲ್ಲಿ ಕರಗಿಸಿದರೆ ಅದರ ಪ್ರತಿ ಎಂಎಲ್ 0.6 ಮಿ.ಗ್ರಾಂ ನಾಗರಹಾವಿನ ವಿಷ, 0.6 ಮಿ.ಗ್ರಾಂ ಕೊಳಕುಮಂಡಲದ ವಿಷ, ತಲಾ 0.45 ಮಿ.ಗ್ರಾಂ ಕಟ್ಟುಹಾವು ಮತ್ತು ಗರಗಸ ಮಂಡಲದ ವಿಷವನ್ನು ನಿಷ್ಕ್ರಿಯಗೊಳಿಸಬೇಕು ಎಂಬುದು ಮಾನದಂಡ. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂನಷ್ಟು ವಿಷ ಬಿಡುತ್ತದೆ. ಮೊದಲ ಡೋಸ್ ಸಾಮಾನ್ಯವಾಗಿ 10 ವೈಲ್ ಆಗಿರುವುದಕ್ಕೆ ಇದೇ ಹಿನ್ನೆಲೆ. ಹತ್ತು ವೈಲ್ ಎಂದರೆ ಗ್ರಾಂಗಟ್ಟಲೆ ಕುದುರೆ ಪ್ರೋಟೀನು ನೇರವಾಗಿ ರಕ್ತಕ್ಕೆ. ಹಾವು ಬಿಡುವ ವಿಷ ಮಕ್ಕಳಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ ಆದ್ದರಿಂದ ಮಕ್ಕಳಿಗೂ ವೈಲ್‌ಗಳ ಸಂಖ್ಯೆ ಅಷ್ಟೇ. ತೂಕ ನೋಡಿ ಕಡಿಮೆ ಮಾಡಬೇಕಾದದ್ದು ಅದನ್ನು ಬೆರೆಸುವ ಸಲೈನ್ ಅನ್ನು ಮಾತ್ರ, ಕೆ.ಜಿ.ಗೆ 5ರಿಂದ 10 ಎಂಎಲ್.

ಟೆಸ್ಟ್ ಡೋಸ್ ಎಂಬ ಹಳೆಯ ಚಾಳಿ

ಪೆನಿಸಿಲಿನ್‌ಗೆ ಮಾಡುವಂತೆ ಚರ್ಮದಡಿ ಒಂದು ಹನಿ ಚುಚ್ಚಿ, ಕೆಂಪಾಗುತ್ತದೆಯೋ ಇಲ್ಲವೋ ನೋಡಿ, ಆಮೇಲೆ ಆಂಟಿವೆನಮ್ ಕೊಡುವ ರೂಢಿ ಬಹಳ ಕಾಲ ಇತ್ತು. ಕೆಲವೆಡೆ ಇನ್ನೂ ಇದೆ. ಇದನ್ನು ಬಿಡಬೇಕು, ಮತ್ತು ಬಿಡಬೇಕಾದ ಕಾರಣ ಗೊತ್ತಿದ್ದರೆ ಬಿಡುವುದು ಸುಲಭ.

ಪೆನಿಸಿಲಿನ್ ಅಲರ್ಜಿಯಲ್ಲಿ ರೋಗಿಯ ದೇಹ ಆ ಔಷಧವನ್ನು ಹಿಂದೆ ಕಂಡಿರುತ್ತದೆ, ಅದರ ವಿರುದ್ಧ ಐಜಿಇ ಎಂಬ ಬಗೆಯ ಪ್ರತಿಕಾಯ ಬೆಳೆಸಿಕೊಂಡಿರುತ್ತದೆ. ಚರ್ಮದ ಪರೀಕ್ಷೆ ಹಿಡಿಯುವುದು ಈ ಐಜಿಇಯನ್ನು. ಆಂಟಿವೆನಮ್ ರಿಯಾಕ್ಷನ್ ಆಗುವವರಲ್ಲಿ ಹೆಚ್ಚಿನವರು ಜೀವನದಲ್ಲಿ ಮೊದಲ ಸಲ ಕುದುರೆ ಸೀರಮ್ ಪಡೆಯುತ್ತಿರುತ್ತಾರೆ, ಅವರಲ್ಲಿ ಅಂಥ ಐಜಿಇ ಇರುವುದೇ ಇಲ್ಲ. ಇಲ್ಲಿ ನಡೆಯುವುದು ಬೇರೆ: ಪ್ರೋಟೀನಿನ ಮುದ್ದೆಗಳು ರಕ್ತದ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು (ರೋಗಾಣುಗಳ ಮೇಲೆರಗುವ ರಕ್ತದ ಪ್ರೋಟೀನುಗಳ ಪಡೆ) ನೇರವಾಗಿ ಕೆರಳಿಸುತ್ತವೆ, ಅದರಿಂದ ಮಾಸ್ಟ್ ಕಣಗಳೆಂಬ ರಕ್ಷಣಾ ಕಣಗಳು ಒಡೆದು ತುರಿಕೆ, ಊತ ತರುವ ಹಿಸ್ಟಮಿನ್ ಚೆಲ್ಲುತ್ತವೆ. ಹೊರಗೆ ಕಾಣುವ ಲಕ್ಷಣ ಒಂದೇ, ಒಳಗಿನ ದಾರಿ ಬೇರೆ. ಎಷ್ಟು ಪ್ರಮಾಣ ಹೋಯಿತು, ಎಷ್ಟು ಶುದ್ಧವಾಗಿತ್ತು ಎಂಬುದರ ಮೇಲೆ ಇದು ನಿಂತಿದೆ. ಹಾಗಾಗಿ ಚರ್ಮದಡಿಯ ಒಂದು ಹನಿ ಏನನ್ನೂ ಹೇಳಲಾರದು. ಪರೀಕ್ಷೆಯಲ್ಲಿ ಏನೂ ಆಗದವರಿಗೆ ಡ್ರಿಪ್‌ನಲ್ಲಿ ತೀವ್ರ ರಿಯಾಕ್ಷನ್ ಆಗಬಹುದು. ಚರ್ಮ ಕೆಂಪಾದವರಿಗೆ ಹತ್ತು ವೈಲ್ ಹೋದರೂ ಏನೂ ಆಗದಿರಬಹುದು.

ನಷ್ಟಗಳು ಇನ್ನೂ ಇವೆ. ಪರೀಕ್ಷೆಗೆ ಅರ್ಧ ಗಂಟೆ ಹೋಗುತ್ತದೆ. ಆ ಒಂದು ಹನಿಯಿಂದಲೇ ರೋಗಿಯ ದೇಹ ಮುಂದಿನ ಸಲಕ್ಕೆ ಕೆರಳಲು ಸಜ್ಜಾಗಬಹುದು. ಎಲ್ಲಕ್ಕಿಂತ ಕೆಟ್ಟದ್ದು, ‘ಟೆಸ್ಟ್ ಪಾಸಿಟಿವ್’ ಎಂದು ಬರೆದು ವಿಷವೇರಿದ ರೋಗಿಗೆ ಇರುವ ಒಂದೇ ಔಷಧವನ್ನು ತಪ್ಪಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ, ಭಾರತದ ಚಿಕಿತ್ಸಾ ಮಾರ್ಗಸೂಚಿಯೂ ಟೆಸ್ಟ್ ಡೋಸ್ ಬೇಡ ಎಂದೇ ಹೇಳುತ್ತವೆ. ವಿಷವೇರಿದ ಲಕ್ಷಣ ಇರುವ ಯಾರಿಗೂ, ಗರ್ಭಿಣಿಯರನ್ನೂ ಸೇರಿಸಿ, ಆಂಟಿವೆನಮ್ ಪೂರ್ತಿ ನಿಷಿದ್ಧ ಎಂಬುದಿಲ್ಲ. ಆಸ್ತಮಾ ಇರುವವರು, ಹಿಂದೆ ಕುದುರೆ ಸೀರಮ್ ಪಡೆದವರು ಹೆಚ್ಚು ಅಪಾಯದ ಗುಂಪು. ಅವರಿಗೂ ಕೊಡಲೇಬೇಕು, ಕಣ್ಣು ಮಾತ್ರ ಇನ್ನಷ್ಟು ಚುರುಕಾಗಿರಬೇಕು.

ಮೂರು ಬಗೆ, ಮೂರು ಸಮಯ

ಮೊದಲನೆಯದು ತಕ್ಷಣದ ಅನಾಫೈಲ್ಯಾಕ್ಸಿಸ್ (ಇಡೀ ಮೈಯನ್ನು ಆವರಿಸುವ, ಜೀವಕ್ಕೆ ಅಪಾಯ ತರಬಲ್ಲ ರಿಯಾಕ್ಷನ್) ಬಗೆಯದು. ಡ್ರಿಪ್ ಶುರುವಾದ 10 ನಿಮಿಷದಿಂದ ಮೂರು ಗಂಟೆಯೊಳಗೆ ಬರುತ್ತದೆ. ಶ್ರೀಲಂಕಾದ ಆ ಅಧ್ಯಯನದಲ್ಲಿ ಶೇ 89ರಷ್ಟು ರಿಯಾಕ್ಷನ್‌ಗಳು ಮೊದಲ ಒಂದು ಗಂಟೆಯಲ್ಲೇ ಕಾಣಿಸಿಕೊಂಡವು. ಎರಡನೆಯದು ಚಳಿಜ್ವರದ ಬಗೆಯದು. ಒಂದೆರಡು ಗಂಟೆಯಲ್ಲಿ ಹಲ್ಲು ಕಟಕಟಿಸುವಷ್ಟು ನಡುಕ, ಜ್ವರ, ಕೆಲವೊಮ್ಮೆ ಬಿಪಿ ಇಳಿತ, ಸಣ್ಣ ಮಕ್ಕಳಲ್ಲಿ ಜ್ವರದ ಫಿಟ್ಸ್. ಇದು ಅಲರ್ಜಿಯೇ ಅಲ್ಲ. ತಯಾರಿಕೆಯ ವೇಳೆ ಸೇರಿಕೊಂಡ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷಾಂಶ ಇದಕ್ಕೆ ಕಾರಣ, ಅಂದರೆ ನೇರವಾಗಿ ಕಾರ್ಖಾನೆಯ ಸ್ವಚ್ಛತೆಯ ಪ್ರಶ್ನೆ. ಮೂರನೆಯದು ವಾರದ ನಂತರ ಬರುವ ಸೀರಮ್ ಸಿಕ್‌ನೆಸ್. ಅದರ ವಿಚಾರ ಮುಂದೆ ಬರುತ್ತದೆ.

ಮೊದಲ ಎರಡನ್ನು ಬೇರ್ಪಡಿಸುವುದು ಹಾಸಿಗೆ ಪಕ್ಕದಲ್ಲಿ ನಿಂತವರಿಗೆ ಯಾವಾಗಲೂ ಸುಲಭವಲ್ಲ. ನಡುಕ, ಜ್ವರ ಮಾತ್ರ ಇದ್ದು ಚರ್ಮದಲ್ಲಿ ಗಂಧೆ, ಉಸಿರಿನಲ್ಲಿ ಸೀಟಿ ಸದ್ದು ಇಲ್ಲದಿದ್ದರೆ ಚಳಿಜ್ವರದ ಬಗೆ ಇರಬಹುದು. ಅದಕ್ಕೆ ಪ್ಯಾರಾಸಿಟಮಾಲ್, ಸಲೈನ್, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು. ಡೈಕ್ಲೋಫೆನಾಕ್ ಜಾತಿಯ ಇಂಜೆಕ್ಷನ್ ಬೇಡ. ರಕ್ತ ಹೆಪ್ಪುಗಟ್ಟದ, ಮೂತ್ರಪಿಂಡ ಅಪಾಯದಲ್ಲಿರುವ ರೋಗಿಗೆ ಅದು ಎರಡು ಕಡೆಯಿಂದಲೂ ಹೊಡೆತ. ಅನುಮಾನ ಉಳಿದರೆ ಅನಾಫೈಲ್ಯಾಕ್ಸಿಸ್ ಎಂದೇ ತಿಳಿದು ನಡೆಯುವುದು ಕ್ಷೇಮ.

ಇನ್ನೊಂದು ಗೊಂದಲ ವಿಷದ್ದೇ. ಕೊಳಕುಮಂಡಲ ಕಚ್ಚಿದ ಕೂಡಲೇ ಕೆಲವರಿಗೆ ಬಿಪಿ ಕುಸಿಯುತ್ತದೆ, ಮುಖ ಊದುತ್ತದೆ, ವಾಂತಿಯಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಹೊಟ್ಟೆನೋವೇ ಮೊದಲ ದೂರಾಗಿರುವುದು ಸಾಮಾನ್ಯ. ಇವನ್ನು ಆಂಟಿವೆನಮ್ ತಲೆಗೆ ಕಟ್ಟಿ ಡ್ರಿಪ್ ನಿಲ್ಲಿಸಿದರೆ ರೋಗಿಗೆ ನಷ್ಟ. ಡ್ರಿಪ್ ಹಚ್ಚುವ ಮುಂಚಿನ ಬಿಪಿ, ನಾಡಿ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಮುಖದ ಊತ ಇದೆಯೇ ಎಂಬುದನ್ನು ಗಡಿಯಾರದ ಸಮಯದೊಂದಿಗೆ ಬರೆದಿಟ್ಟಿದ್ದರೆ ಈ ಗೊಂದಲ ಅರ್ಧ ಬಗೆಹರಿಯುತ್ತದೆ.

ಹಾಸಿಗೆ ಪಕ್ಕದ ಕೆಲಸ

ಮುಂದಿನದು ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು. ಆಂಟಿವೆನಮ್ ಮನೆಯಲ್ಲಿ, ವಾಹನದಲ್ಲಿ ಕೊಡುವ ಔಷಧವಲ್ಲ.

ಮೊದಲ ವೈಲ್ ಒಡೆಯುವುದಕ್ಕೂ ಮುಂಚೆ ಅಡ್ರಿನಲಿನ್ ಸಿರಿಂಜ್‌ಗೆ ಎಳೆದಿಟ್ಟುಕೊಳ್ಳಬೇಕು. ಟ್ರೇಯಲ್ಲಿ ಆಂಪೂಲ್ ಇದೆ ಎಂದರೆ ಸಾಲದು. ಬಿಪಿ ಕುಸಿಯುತ್ತಿರುವಾಗ ಆಂಪೂಲಿನ ಕತ್ತು ಮುರಿದು, ಸೂಜಿ ಹುಡುಕಿ, ಪ್ರಮಾಣ ಲೆಕ್ಕ ಹಾಕುವಾಗ ತಪ್ಪಾಗುತ್ತದೆ. ಸಾವಿರಕ್ಕೊಂದು ಸಾಂದ್ರತೆಯ ಆಂಪೂಲ್‌ನಲ್ಲಿ ಪ್ರತಿ ಎಂಎಲ್‌ಗೆ 1 ಮಿ.ಗ್ರಾಂ ಔಷಧ ಇರುತ್ತದೆ. ದೊಡ್ಡವರಿಗೆ 0.5 ಎಂಎಲ್, ಅಂದರೆ 0.5 ಮಿ.ಗ್ರಾಂ, ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ, ಹಾಗಾಗಿ 15 ಕೆ.ಜಿ.ಯ ಮಗುವಿಗೆ 0.15 ಎಂಎಲ್. 1 ಎಂಎಲ್‌ನ ಸಣ್ಣ ಸಿರಿಂಜ್ ಬಳಸಿದರೆ ಗೆರೆ ಸ್ಪಷ್ಟ. ಎಳೆದಿಟ್ಟ ಸಿರಿಂಜ್ ಮೇಲೆ ಹೆಸರು, ಪ್ರಮಾಣ ಬರೆದ ಪಟ್ಟಿ ಅಂಟಿಸಬೇಕು.

ಪುಡಿಯನ್ನು ಕರಗಿಸುವಾಗ ವೈಲ್ ಅನ್ನು ಕುಲುಕಬಾರದು. ಅವಸರದಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಕುಲುಕಿದರೆ ನೊರೆ ಏಳುತ್ತದೆ, ನೊರೆಯಲ್ಲಿ ಪ್ರೋಟೀನು ಕೆಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಆ ಮುದ್ದೆಗಳೇ ರಿಯಾಕ್ಷನ್‌ಗೆ ಕುಮ್ಮಕ್ಕು. ಎರಡು ಅಂಗೈಗಳ ನಡುವೆ ವೈಲ್ ಹಿಡಿದು ನಿಧಾನವಾಗಿ ಉರುಳಿಸುತ್ತಿರಬೇಕು. ಪುಡಿ ಪೂರ್ತಿ ಕರಗಿ ದ್ರವ ತಿಳಿಯಾಗುವವರೆಗೆ ತಾಳ್ಮೆ ಬೇಕು, ಹತ್ತು ವೈಲ್ ಇದ್ದರೆ ಇಬ್ಬರು ಮೂವರು ಕೈ ಹಾಕಬೇಕು. ಮಬ್ಬಾಗಿಯೇ ಉಳಿದ, ಎಳೆ ತೇಲುವ ವೈಲ್ ಪಕ್ಕಕ್ಕಿಡಬೇಕು.

ಆಂಟಿವೆನಮ್ ರಕ್ತನಾಳಕ್ಕೇ ಹೋಗಬೇಕು. ಕಚ್ಚಿದ ಜಾಗದ ಸುತ್ತ ಚುಚ್ಚುವುದರಿಂದ ಉಪಯೋಗವಿಲ್ಲ. ಬೆರಳಿಗೆ ಚುಚ್ಚಿದರೆ ಒಳಗಿನ ಒತ್ತಡ ಏರಿ ಬೆರಳೇ ಹೋಗಬಹುದು. ಹತ್ತು ವೈಲ್ ಸಲೈನ್‌ನಲ್ಲಿ ಬೆರೆಸಿ, ಮೊದಲ 10–15 ನಿಮಿಷ ನಿಧಾನವಾಗಿ ಹರಿಸಿ, ಒಟ್ಟು ಒಂದು ಗಂಟೆಯೊಳಗೆ ಮುಗಿಸುವುದು ರೂಢಿ. ನಿಧಾನಕ್ಕೆ ಕೊಟ್ಟಷ್ಟೂ ರಿಯಾಕ್ಷನ್ ಕಡಿಮೆ ಎಂದು ಎರಡು, ಮೂರು ಗಂಟೆ ಎಳೆಯುವವರಿದ್ದಾರೆ. ಶ್ರೀಲಂಕಾದಲ್ಲೇ 20 ನಿಮಿಷದ ಡ್ರಿಪ್ ಮತ್ತು ಎರಡು ಗಂಟೆಯ ಡ್ರಿಪ್ ಹೋಲಿಸಿ ನೋಡಿದಾಗ ತೀವ್ರ ರಿಯಾಕ್ಷನ್‌ನಲ್ಲಿ ವ್ಯತ್ಯಾಸ ಸಿಗಲಿಲ್ಲ. ಎಳೆದರೆ ವಿಷಕ್ಕೆ ಸಿಗುವ ಸಮಯ ಹೆಚ್ಚುತ್ತದೆ, ಅಷ್ಟೇ.

ಮೊದಲ ಅರ್ಧ ಗಂಟೆ 5 ನಿಮಿಷಕ್ಕೊಮ್ಮೆ, ಆಮೇಲೆ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಉಸಿರು ನೋಡಬೇಕು. ಅಂಗಿ ಬಿಚ್ಚಿ ಎದೆ, ಹೊಟ್ಟೆ, ಬೆನ್ನು ಕಾಣುವಂತಿರಲಿ. ಗಂಧೆ ಮೊದಲು ಏಳುವುದು ಬಟ್ಟೆಯ ಅಡಿಯಲ್ಲಿ.

ಲಕ್ಷಣ ಕಂಡ ಕೂಡಲೇ ಡ್ರಿಪ್ ನಿಲ್ಲಿಸಿ, ಸೂಜಿ ಕೀಳದೆ, ಎಳೆದಿಟ್ಟ ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು. ತೋಳಿಗಿಂತ ತೊಡೆಯಿಂದ ಔಷಧ ಬೇಗ ರಕ್ತಕ್ಕೇರುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತಿಡಬೇಕು, ಆಮ್ಲಜನಕ ಹಚ್ಚಬೇಕು. ಉಸಿರಾಟ ಕಷ್ಟವಿದ್ದವರು ಕೂತೇ ಇರಲಿ, ಆದರೆ ಎದ್ದು ನಿಲ್ಲಲು ಬಿಡಬಾರದು. ಬಿಪಿ ಕುಸಿದವರು ಥಟ್ಟನೆ ಎದ್ದು ನಿಂತಾಗ ಹೃದಯ ನಿಂತುಹೋಗುವ ಅಪಾಯವಿದೆ. ಬಿಪಿ ಇಳಿದಿದ್ದರೆ ನಾರ್ಮಲ್ ಸಲೈನ್ ರಭಸವಾಗಿ, ದೊಡ್ಡವರಿಗೆ ಒಂದು ಲೀಟರ್‌ನಿಂದ ಶುರು, ಮಕ್ಕಳಿಗೆ ಕೆ.ಜಿ.ಗೆ 10ರಿಂದ 20 ಎಂಎಲ್. ಉಬ್ಬಸಕ್ಕೆ ಸಾಲ್ಬುಟಮಾಲ್ ನೆಬ್ಯುಲೈಸರ್. 5–10 ನಿಮಿಷದಲ್ಲಿ ಸುಧಾರಣೆ ಕಾಣದಿದ್ದರೆ ಅಡ್ರಿನಲಿನ್ ಮತ್ತೆ ಅಷ್ಟೇ ಪ್ರಮಾಣ. ಎರಡು ಮೂರು ಸಲವಾದರೂ ಬಗ್ಗದಿದ್ದರೆ ಅಡ್ರಿನಲಿನ್ ಡ್ರಿಪ್ ಬೇಕಾಗುತ್ತದೆ, ಅದು ಮಾನಿಟರ್ ಇರುವ ಕಡೆ, ಅನುಭವಿಗಳ ಕೈಯಲ್ಲಿ. ಬೀಟಾ ಬ್ಲಾಕರ್ ಮಾತ್ರೆ ನುಂಗುವ ಬಿಪಿ ರೋಗಿಗಳಲ್ಲಿ ಅಡ್ರಿನಲಿನ್ ಮಂಕಾಗಿ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ. ಅಂಥವರಿಗೆ ಗ್ಲುಕಗಾನ್ ನೆರವಾಗಬಹುದು.

ಎಡವುವುದು ಎರಡು ಕಡೆ. ಒಂದು, ‘ಮೊದಲು ಏವಿಲ್, ಹೈಡ್ರೋಕಾರ್ಟಿಸೋನ್ ಕೊಟ್ಟು ನೋಡೋಣ’ ಎನ್ನುವುದು. ಏವಿಲ್‌ನಂಥ, ಹಿಸ್ಟಮಿನ್ ತಡೆಯುವ ಇಂಜೆಕ್ಷನ್ ತುರಿಕೆ ಕಡಿಮೆ ಮಾಡುತ್ತದೆ. ಗಂಟಲ ಊತ, ಬಿಪಿ ಕುಸಿತಕ್ಕೆ ಅದರಿಂದ ಪ್ರಯೋಜನವಿಲ್ಲ. ಹೈಡ್ರೋಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳು ಬೇಕು. ಇವೆರಡೂ ಅಡ್ರಿನಲಿನ್ ಆದಮೇಲೆ ಬರುವಂಥವು. ಇನ್ನೊಂದು, ಗಾಬರಿಯಲ್ಲಿ ಅದೇ 0.5 ಮಿ.ಗ್ರಾಂ ಅಡ್ರಿನಲಿನ್ ಅನ್ನು ನೇರ ರಕ್ತನಾಳಕ್ಕೆ ನೂಕುವುದು. ಬಿಪಿ ಒಮ್ಮೆಲೇ ಆಕಾಶಕ್ಕೇರುತ್ತದೆ, ರಕ್ತ ಹೆಪ್ಪುಗಟ್ಟದ ರೋಗಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಹೃದಯದ ಲಯ ತಪ್ಪಬಹುದು.

ಸುಧಾರಿಸಿದ ಮೇಲೆ ಆಂಟಿವೆನಮ್ ಮತ್ತೆ ಶುರು ಮಾಡಲೇಬೇಕು. ಅರ್ಧಕ್ಕೆ ಬಿಟ್ಟರೆ ರಿಯಾಕ್ಷನ್‌ನ ಕಷ್ಟವೂ ಆಯಿತು, ವಿಷವೂ ಉಳಿಯಿತು. ಉಳಿದದ್ದನ್ನು 10–15 ನಿಮಿಷ ಬಹಳ ನಿಧಾನಕ್ಕೆ ಹರಿಸಿ, ಏನೂ ಆಗದಿದ್ದರೆ ಮೊದಲಿನ ವೇಗಕ್ಕೆ ತರಬೇಕು. ಬೇರೆ ಆಸ್ಪತ್ರೆಗೆ ಕಳಿಸುವುದಾದರೂ ಮೊದಲ ಡೋಸ್ ಕೊಟ್ಟು, ಅಡ್ರಿನಲಿನ್ ಬಲ್ಲ ಸಿಬ್ಬಂದಿಯೊಂದಿಗೆ, ಕೊಟ್ಟ ವೈಲ್‌ಗಳ ಸಂಖ್ಯೆ ಮತ್ತು ಸಮಯ ಬರೆದು ಕಳಿಸಬೇಕು.

ಮುಂಜಾಗ್ರತೆಯ ಲೆಕ್ಕ

ಆಂಟಿವೆನಮ್‌ಗೂ ಮುಂಚೆಯೇ ರಿಯಾಕ್ಷನ್ ತಡೆಯುವ ಔಷಧ ಕೊಡಬಹುದೇ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿರುವುದು ಮೇಲೆ ಹೇಳಿದ 1,007 ರೋಗಿಗಳ ಅಧ್ಯಯನದಲ್ಲೇ. 0.25 ಮಿ.ಗ್ರಾಂ ಅಡ್ರಿನಲಿನ್ ಅನ್ನು ಚರ್ಮದಡಿ ಕೊಟ್ಟವರಲ್ಲಿ ತೀವ್ರ ರಿಯಾಕ್ಷನ್ ಮೊದಲ ಗಂಟೆಯಲ್ಲಿ ಶೇ 43ರಷ್ಟು, 48 ಗಂಟೆಯವರೆಗೆ ಶೇ 38ರಷ್ಟು ಕಡಿಮೆಯಾಯಿತು. ಹೈಡ್ರೋಕಾರ್ಟಿಸೋನ್, ಹಿಸ್ಟಮಿನ್ ತಡೆಯುವ ಪ್ರೊಮೆಥಜೀನ್ ಕೊಟ್ಟವರಲ್ಲಿ ಇಳಿಕೆ ಕಾಣಲಿಲ್ಲ. ವಿಚಿತ್ರವೆಂದರೆ, ಅಡ್ರಿನಲಿನ್ ಜೊತೆಗೆ ಹೈಡ್ರೋಕಾರ್ಟಿಸೋನ್ ಸೇರಿಸಿದಾಗ ಅಡ್ರಿನಲಿನ್‌ನ ಲಾಭವೂ ಹೋಯಿತು. ಡ್ರಿಪ್‌ಗೂ ಮುಂಚೆ ಸ್ಟೀರಾಯ್ಡ್ ಚುಚ್ಚುವ ವಾಡಿಕೆ ಅನೇಕ ವಾರ್ಡ್‌ಗಳಲ್ಲಿ ಇಂದಿಗೂ ಉಳಿದಿರುವುದು ಅಭ್ಯಾಸಬಲದಿಂದ, ಪುರಾವೆಯಿಂದಲ್ಲ.

ರಿಯಾಕ್ಷನ್ ಪ್ರಮಾಣ ಹೆಚ್ಚಿರುವ ಉತ್ಪನ್ನ ಬಳಸುವ ಕಡೆ ಈ 0.25 ಮಿ.ಗ್ರಾಂ ಅಡ್ರಿನಲಿನ್ ಒಳ್ಳೆಯ ವಿಮೆ. ಹೃದಯದ ರಕ್ತನಾಳದ ಕಾಯಿಲೆ, ಹತೋಟಿಯಲ್ಲಿಲ್ಲದ ಬಿಪಿ, ಹಿಂದೆ ಪಾರ್ಶ್ವವಾಯು ಆದವರಿಗೆ ಮಾತ್ರ ತೂಗಿ ನೋಡಬೇಕು.

ಬೇಡದವರಿಗೆ ಕೊಟ್ಟರೆ

ರಿಯಾಕ್ಷನ್ ತಪ್ಪಿಸುವ ಅತ್ಯಂತ ಸರಳ ಉಪಾಯ ಬೇಡದವರಿಗೆ ಆಂಟಿವೆನಮ್ ಕೊಡದಿರುವುದು. ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವು ಕಚ್ಚಿದರೂ ವಿಷ ಇಳಿಯದವರು ಆಸ್ಪತ್ರೆಗೆ ಬರುವವರಲ್ಲಿ ಗಣನೀಯ ಪಾಲು. ಹಲ್ಲಿನ ಗುರುತು ಕಂಡಿತು, ಮನೆಯವರು ಒತ್ತಾಯಿಸಿದರು ಎಂಬ ಕಾರಣಕ್ಕೆ ಕೊಟ್ಟರೆ ಲಾಭ ಸೊನ್ನೆ, ರಿಯಾಕ್ಷನ್ ಅಪಾಯ ಪೂರ್ತಿ. ರೆಪ್ಪೆ ಇಳಿಬೀಳುವುದು, ನುಂಗಲು ಕಷ್ಟ, ಒಸಡಿನಲ್ಲಿ ರಕ್ತ, ಬೇಗ ಬೇಗ ಏರುವ ಊತ ಇವು ಕೊಡಲು ಕಾರಣಗಳು. ರಕ್ತದ ವಿಚಾರಕ್ಕೆ 20 ನಿಮಿಷದ ಪರೀಕ್ಷೆ ಸಾಕು: 2–3 ಎಂಎಲ್ ಹೊಸ ರಕ್ತವನ್ನು ಒಣಗಿದ ಶುಭ್ರ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಬಗ್ಗಿಸಿ ನೋಡುವುದು. ದ್ರವವಾಗಿಯೇ ಉಳಿದಿದ್ದರೆ ವಿಷವೇರಿದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪುಪುಡಿಯಲ್ಲಿ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದಿರಬಹುದು. ಒಂದು ತಪ್ಪು ಟ್ಯೂಬ್ ಹತ್ತು ವೈಲ್‌ಗಳಿಗೆ ದಾರಿ ಮಾಡುತ್ತದೆ.

ಪಶ್ಚಿಮಘಟ್ಟದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಗುಳಿಮಂಡಲಗಳ ವಿಷ ನಮ್ಮ ಪಾಲಿವೇಲೆಂಟ್ ತಯಾರಿಕೆಯಲ್ಲಿ ಸೇರಿಲ್ಲ. ಅವು ಕಚ್ಚಿದಾಗ ಊತ, ರಕ್ತ ಹೆಪ್ಪುಗಟ್ಟದಿರುವುದು ಕಂಡುಬಂದರೂ ಇರುವ ಆಂಟಿವೆನಮ್‌ನಿಂದ ಉಪಯೋಗ ನಿರೀಕ್ಷಿಸುವಂತಿಲ್ಲ. ಹಾವಿನ ಫೋಟೊ ಸಿಕ್ಕರೆ (ಹಾವನ್ನು ಹಿಡಿಯಲು, ಕೊಲ್ಲಲು ಹೋಗದೆ, ದೂರದಿಂದ) ಈ ನಿರ್ಧಾರಕ್ಕೆ ಅದು ಬಹಳ ನೆರವಾಗುತ್ತದೆ.

ಎರಡನೇ ಡೋಸ್ ವಿಚಾರದಲ್ಲೂ ಇದೇ ಎಚ್ಚರ ಬೇಕು. ವಿಷ ಪೂರ್ತಿ ನಿಷ್ಕ್ರಿಯವಾದ ಮೇಲೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಸುಮಾರು 6 ಗಂಟೆ ಬೇಕು. ಎರಡನೇ ಗಂಟೆಯಲ್ಲೇ ಪರೀಕ್ಷೆ ಮಾಡಿ ‘ಇನ್ನೂ ಹೆಪ್ಪುಗಟ್ಟಿಲ್ಲ’ ಎಂದು ಮತ್ತೆ ಹತ್ತು ವೈಲ್ ಏರಿಸಿದರೆ ಹೋಗುವುದು ಬರೀ ಪ್ರೋಟೀನು. ಕಟ್ಟುಹಾವಿನ ರೋಗಿಗೆ ಉಸಿರಾಟವೇ ನಿಂತಿದ್ದರೆ ಬೇಕಾದದ್ದು ವೆಂಟಿಲೇಟರ್. ವೈಲ್ ಮೇಲೆ ವೈಲ್ ಸುರಿದು ಅದನ್ನು ಮರಳಿಸಲಾಗದು.

ವಾರ ಕಳೆದ ಮೇಲೆ

ಡಿಸ್‌ಚಾರ್ಜ್ ಆಗಿ ಮನೆ ಸೇರಿದ ಮೇಲೆ, ಸಾಮಾನ್ಯವಾಗಿ ಏಳನೇ ದಿನದ ಆಸುಪಾಸು, ಜ್ವರ, ಮೈತುಂಬ ದದ್ದು, ಕೀಲುನೋವು, ಗಂಟು ಊತ ಬಂದರೆ ಅದು ಸೀರಮ್ ಸಿಕ್‌ನೆಸ್. ಒಂದನೇ ದಿನದಿಂದ ಹನ್ನೆರಡನೇ ದಿನದವರೆಗೆ ಯಾವಾಗ ಬೇಕಾದರೂ ಬರಬಹುದು. ಇಲ್ಲಿ ರೋಗಿಯ ದೇಹವೇ ಕುದುರೆ ಪ್ರೋಟೀನಿಗೆ ಪ್ರತಿಕಾಯ ಬೆಳೆಸಿ, ಎರಡೂ ಸೇರಿದ ಜೋಡಣೆಗಳು ಕೀಲು, ಚರ್ಮ, ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿ ಕೂರುತ್ತವೆ. ಪಿರ್ಕೆ ಮತ್ತು ಶಿಕ್ ಎಂಬ ವೈದ್ಯರು 1905ರಲ್ಲೇ ಇದನ್ನು ವಿವರಿಸಿದ್ದರು. ಆದರೂ ಇಂದಿಗೂ ಇದು ಡೆಂಗಿ, ಚಿಕೂನ್‌ಗುನ್ಯ, ‘ವಿಷ ಇನ್ನೂ ಮೈಯಲ್ಲಿದೆ’ ಎಂಬ ಹೆಸರುಗಳಲ್ಲಿ ಅಡಗಿಹೋಗುತ್ತದೆ. ದೊಡ್ಡವರಿಗೆ ಕ್ಲೋರ್‌ಫೆನಿರಮೈನ್ 2 ಮಿ.ಗ್ರಾಂ ಆರು ಗಂಟೆಗೊಮ್ಮೆ ಐದು ದಿನ. ಒಂದೆರಡು ದಿನದಲ್ಲಿ ಬಗ್ಗದಿದ್ದರೆ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಆರು ಗಂಟೆಗೊಮ್ಮೆ 5ರಿಂದ 7 ದಿನ. ಸ್ಟೀರಾಯ್ಡ್‌ಗೆ ನಿಜವಾದ ಕೆಲಸ ಇರುವುದು ಈ ಹಂತದಲ್ಲಿ. ಮನೆಗೆ ಕಳಿಸುವಾಗಲೇ ಈ ಲಕ್ಷಣಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ರೋಗಿ ಆಸ್ಪತ್ರೆಗೆ ಮರಳಿ ಬರುತ್ತಾರೆ.

ಬದಲಾಗಬೇಕಾದದ್ದು ಎಲ್ಲಿ

ಇಷ್ಟೆಲ್ಲ ಎಚ್ಚರವೂ ಹಾಸಿಗೆ ಪಕ್ಕದ ತೇಪೆ. ಮೂಲ ಇರುವುದು ತಯಾರಿಕೆಯಲ್ಲಿ. ಕ್ಯಾಪ್ರಿಲಿಕ್ ಆಮ್ಲ ಬಳಸಿ ಬೇಡದ ಪ್ರೋಟೀನುಗಳನ್ನು ಇಳಿಸಿ, ಪ್ರತಿಕಾಯಗಳನ್ನು ದ್ರವದಲ್ಲೇ ಉಳಿಸಿಕೊಳ್ಳುವ ವಿಧಾನವನ್ನು ಕೋಸ್ಟರಿಕಾದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಬಹಳ ಹಿಂದೆಯೇ ಪಳಗಿಸಿತು. ಅಲ್ಲಿ ಪ್ರತಿಕಾಯದ ಕಾಂಡ ಕತ್ತರಿಸುವುದೂ ಇಲ್ಲ. ಮುದ್ದೆಗಟ್ಟದಂತೆ ಶುದ್ಧವಾಗಿದ್ದರೆ ಪೂರ್ಣ ಪ್ರತಿಕಾಯವನ್ನೂ ದೇಹ ಸಹಿಸಿಕೊಳ್ಳುತ್ತದೆ ಎಂದು ಅದು ತೋರಿಸಿತು. ಶುದ್ಧತೆಯಷ್ಟೇ ಮುಖ್ಯ ಸಾಮರ್ಥ್ಯ. ಒಂದು ಪ್ರದೇಶದ ಹಾವುಗಳ ವಿಷ ಇನ್ನೊಂದು ಪ್ರದೇಶದ್ದಕ್ಕಿಂತ ಭಿನ್ನ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಸರಣಿ ಅಧ್ಯಯನಗಳಲ್ಲಿ ತೋರಿಸಿದೆ. ವಿಷಕ್ಕೆ ಹೊಂದದ ಆಂಟಿವೆನಮ್ ಹೆಚ್ಚು ವೈಲ್ ಬೇಡುತ್ತದೆ, ಹೆಚ್ಚು ವೈಲ್ ಎಂದರೆ ಹೆಚ್ಚು ಪ್ರೋಟೀನು. ಅದೇ ತಂಡ ಅಮೆರಿಕ, ಬ್ರಿಟನ್‌ನ ಸಂಶೋಧಕರೊಂದಿಗೆ ಸೇರಿ ನಾಗರಹಾವಿನ ಬಳಗದ ಒಂದು ಪ್ರಮುಖ ನರವಿಷವನ್ನು ಹಿಡಿಯಬಲ್ಲ, ಪ್ರಯೋಗಾಲಯದಲ್ಲಿ ರೂಪಿಸಿದ ಮಾನವ ಪ್ರತಿಕಾಯವನ್ನು 2024ರಲ್ಲಿ ಪ್ರಕಟಿಸಿತು. ಕುದುರೆಯೇ ಇಲ್ಲದ ಆಂಟಿವೆನಮ್‌ಗೆ ಅದು ದಾರಿ. ಆದರೆ ಸದ್ಯಕ್ಕೆ ಅದು ಇಲಿಗಳ ಮೇಲಿನ ಫಲಿತಾಂಶ.

ಅಲ್ಲಿಯವರೆಗೆ ಕಾರ್ಖಾನೆಯ ಮೇಲೆ ಒತ್ತಡ ಬೀಳುವ ದಾರಿ ಒಂದಿದೆ, ಅದನ್ನು ಬಳಸುವವರು ಕಡಿಮೆ. ರಿಯಾಕ್ಷನ್ ಆದಾಗ ವೈಲ್ ಬಿಸಾಡುವ ಮುನ್ನ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಕೊಟ್ಟ ವೈಲ್, ಶುರುವಾದ ನಿಮಿಷ, ಲಕ್ಷಣ ಬರೆದು ಔಷಧ ಅಡ್ಡಪರಿಣಾಮಗಳ ರಾಷ್ಟ್ರೀಯ ನಿಗಾ ಕಾರ್ಯಕ್ರಮಕ್ಕೆ ಕಳಿಸಬೇಕು. ಅದರ ಉಚಿತ ದೂರವಾಣಿ 1800-180-3024, ರೋಗಿಯ ಮನೆಯವರೂ ವರದಿ ಮಾಡಬಹುದು. ಒಂದೇ ವಾರದಲ್ಲಿ ಒಂದೇ ಬ್ಯಾಚಿನಿಂದ ನಾಲ್ಕು ಮಂದಿ ಗಡಗಡ ನಡುಗಿದರೆ ಅದು ನಾಲ್ವರ ಅಲರ್ಜಿಯಲ್ಲ, ಒಂದು ಬ್ಯಾಚಿನ ಎಂಡೋಟಾಕ್ಸಿನ್. ಇದೇ ವಿವರಗಳನ್ನು ರೋಗಿಯ ಡಿಸ್‌ಚಾರ್ಜ್ ಚೀಟಿಯಲ್ಲೂ ಬರೆಯಬೇಕು. ಜೊತೆಗೆ ಒಂದು ಸಾಲು: ‘ಮುಂದೆ ಮತ್ತೆ ಹಾವು ಕಚ್ಚಿ ವಿಷವೇರಿದರೆ ಆಂಟಿವೆನಮ್ ಕೊಡಬಹುದು, ಅಡ್ರಿನಲಿನ್ ಸಿದ್ಧವಿಟ್ಟುಕೊಂಡು.’